ಮೂರ್ಛೆ ಹೋಗದ ರಾಗ್ನಾ

ಪುಸ್ತಕದ ನೂರಾ ಹನ್ನೆರಡನೆಯ ಪುಟದಲ್ಲಿ ರಾಗ್ನಾ ಮೂರ್ಛೆ ಹೋಗುತ್ತಾಳೆ.

ರಾಗ್ನಾ ಹೌಗೆನ್ ಮೊಂಟಾನಾದ ಈ ಬಯಲಿಗೆ ಬಂದಿಳಿದ ದಿನದಿಂದ ನಾನವಳನ್ನು ಬಲ್ಲೆ. ದವಡೆಹಲ್ಲು ಹುಳುಕಾಗಿ ಕೀಳಬೇಕಾಗಿ ಬಂದಾಗಲೂ ಅವಳು ಮೂರ್ಛೆ ಹೋದವಳಲ್ಲ. ಕಿತ್ತವಳು ನಾನೇ, ಲಾಳ ಕೀಳುವ ಇಕ್ಕಳದಲ್ಲಿ. ಕೊನೆಗೆ ಕಣ್ಣು ಕತ್ತಲೆ ಬಂದು ನೆಲಕ್ಕೆ ಕೂತವಳು ನಾನು. ಬಾಯಲ್ಲಿ ರಕ್ತ ಇಟ್ಟುಕೊಂಡೇ ನನಗೆ ನೀರು ತಂದುಕೊಟ್ಟವಳು ಅವಳು. ಇಂಥವಳನ್ನು ಹಿಡಿದು ಒಬ್ಬ ಮನುಷ್ಯ, ಎರಡು ಸಾವಿರ ಮೈಲಿ ದೂರದ ಬಾಸ್ಟನ್ನಿನಲ್ಲಿ ಮೆತ್ತನೆ ಕುರ್ಚಿಯ ಮೇಲೆ ಕೂತು, ಗೌನಿನ ನೆರಿಗೆ ಕೂಡ ಕೆಡದ ಹಾಗೆ ಮೂರ್ಛೆ ಬೀಳಿಸಿದ. ಸಾವಿರಾರು ಜನ ಅದನ್ನು ಓದಿ ಕಣ್ಣೊರೆಸಿಕೊಂಡರು. ಅದರಿಂದ ಆಮೇಲೆ ಏನಾಯಿತು ಅನ್ನುವುದನ್ನು ಯಾರೂ ಬರೆಯಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ನನ್ನ ಹೆಸರು ಹೆಸ್ಟರ್ ಬ್ರಾಂಡ್. ಬ್ಯಾಡ್ಜರ್ ಕ್ರಾಸಿಂಗ್ ಊರಿನ ಅಂಚೆಕಚೇರಿಯನ್ನು ಗಂಡ ತೀರಿಕೊಂಡಾಗಿನಿಂದ ನಾನೇ ನಡೆಸಿಕೊಂಡು ಬಂದಿದ್ದೇನೆ.

ರಾಗ್ನಾ ಬಂದದ್ದು 1905ರ ಏಪ್ರಿಲ್‌ನಲ್ಲಿ. ಮಿನೆಸೋಟದ ನಾರ್ವೆ ಮೂಲದ ರೈತರ ಮಗಳು, ವಯಸ್ಸು ಇಪ್ಪತ್ತಾರು. ಆರು ವರ್ಷ ಪಟ್ಟಣದ ಹೋಟೆಲಿನಲ್ಲಿ ಬಟ್ಟೆ ಒಗೆದು, ಒಂದು ನೇಗಿಲು, ಎರಡು ಹೆಣ್ಣುಕುದುರೆ, ಒಂದು ಹಸು ಮಾಡಿಕೊಂಡು ಬಂದಿದ್ದಳು. ಸರ್ಕಾರದ ಕಾನೂನಿನಲ್ಲಿ ಮದುವೆಯಾಗದ ಹೆಂಗಸಿಗೂ ನೂರಾ ಅರವತ್ತು ಎಕರೆ ಹಿಡಿಯುವ ಹಕ್ಕಿತ್ತು. ಐದು ವರ್ಷ ಅಲ್ಲೇ ಬಾಳಿ, ಉತ್ತು ಬಿತ್ತಿ ತೋರಿಸಿದರೆ ಭೂಮಿ ಅವಳದು. ಊರಿಂದ ಏಳು ಮೈಲಿ ಆಚೆ, ಕಲ್ಲುಗುಡ್ಡದ ಬುಡದಲ್ಲಿ ಒಂದು ಒರತೆ ಇದೆ. ಆಗಸ್ಟ್‌ನಲ್ಲೂ ಬತ್ತುವುದಿಲ್ಲ. ದನ ಸಾಕುವ ಗಂಡಸರೆಲ್ಲ ಆ ನೀರನ್ನು ಯಾರಪ್ಪನದೂ ಅಲ್ಲ ಅಂತ ವರ್ಷಗಟ್ಟಲೆ ಬಳಸಿಕೊಂಡಿದ್ದರೇ ಹೊರತು ಒಬ್ಬನಿಗೂ ಅರ್ಜಿ ಹಾಕುವ ಬುದ್ಧಿ ಬಂದಿರಲಿಲ್ಲ. ರಾಗ್ನಾಗೆ ಬಂತು.

"ಚಳಿಗಾಲಕ್ಕೆ ಮುಂಚೇನೇ ಒಂದು ಗಂಡನ್ನ ಹುಡುಕ್ತಾಳೆ, ಇಲ್ಲಾ ರೈಲು ಹುಡುಕ್ತಾಳೆ ನೋಡ್ತಿರಿ," ಅಂದ ಹೈರಮ್ ಸ್ಟೋಕ್ಲಿ. ಊರಿನ ಹೋಟೆಲಿನ ಯಜಮಾನ ಅವನು. ಅವನ ಮಾತಿಗೆ ಊರು ನಗುವುದು ವಾಡಿಕೆ, ನಕ್ಕಿತು.

ಅವಳು ಎರಡನ್ನೂ ಹುಡುಕಲಿಲ್ಲ. ಹುಲ್ಲುಬೇರು ಹಿಡಿದ ಮಣ್ಣನ್ನೇ ಇಟ್ಟಿಗೆಯ ಹಾಗೆ ಕಡಿದು ಗೋಡೆ ಎಬ್ಬಿಸಿದಳು. ಮೊದಲ ವರ್ಷ ಹದಿನಾಲ್ಕು ಎಕರೆ ಒಡೆದಳು. ನಾನು ಭಾನುವಾರ ಹೋದರೆ, ಅಂಗೈ ಬೊಬ್ಬೆಗೆ ಕೊಬ್ಬು ಸವರಿಕೊಳ್ಳುತ್ತಾ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. "ಬಟ್ಟೆ ಒಗೆಯೋ ಸೋಡಾಕ್ಕಿಂತ ಇದು ವಾಸಿ ಕಣೇ ಹೆಸ್ಟರ್. ಅಲ್ಲಿ ಬೇರೆಯೋರ ಕೊಳೆ. ಇಲ್ಲಿ ನಂದೇ ಮಣ್ಣು," ಅನ್ನುತ್ತಿದ್ದಳು.

ಇನ್ನು ಬೆಂಕಿಯ ವಿಷಯ. ಅದು 1907ರ ಆಗಸ್ಟ್. ಆ ದಿನ ನಾನು ಅಲ್ಲೇ ಇದ್ದೆ, ಬೀನ್ಸ್ ಡಬ್ಬಿಗೆ ತುಂಬುವ ಕೆಲಸಕ್ಕೆ ಕೈಕೂಡಿಸಲು ಹೋಗಿದ್ದೆ. ಮಧ್ಯಾಹ್ನ ಪಶ್ಚಿಮದಲ್ಲಿ ಹೊಗೆ ಎದ್ದಿತು. ನಾನು ಗಾಡಿ ಕಟ್ಟೋಣ ಅಂದೆ. ರಾಗ್ನಾ ಬೆರಳು ಒದ್ದೆ ಮಾಡಿ ಗಾಳಿ ನೋಡಿ, "ಗಾಡಿಗಿಂತ ಬೆಂಕಿ ಜೋರು. ನೀನು ಗೋಣಿಚೀಲ ನೆನೆಸು," ಅಂದು ಕುದುರೆಗಳನ್ನು ನೇಗಿಲಿಗೆ ಹೂಡಿದಳು. ಮನೆಯ ಸುತ್ತ ಮೊದಲೇ ಉತ್ತಿಟ್ಟಿದ್ದ ಪಟ್ಟೆಯ ಆಚೆ ಇನ್ನೂ ನಾಲ್ಕು ಸಾಲು ಎಳೆದಳು. ಆಮೇಲೆ ಆ ಸಾಲುಗಳ ಆಚೆ ಹುಲ್ಲಿಗೆ ತಾನೇ ಕಡ್ಡಿ ಗೀರಿ ಎದುರುಬೆಂಕಿ ಇಟ್ಟಳು, ಬರುವ ಬೆಂಕಿಗೆ ತಿನ್ನಲು ಹುಲ್ಲೇ ಉಳಿಯದಿರಲಿ ಅಂತ. ಒಣಹುಲ್ಲಿನ ಮಧ್ಯೆ ನಿಂತು ತನ್ನ ಕೈಯಾರೆ ಬೆಂಕಿ ಹಚ್ಚುವುದಕ್ಕೆ ಎಂಥ ಗುಂಡಿಗೆ ಬೇಕು ಅನ್ನುವುದು ನಿಂತು ನೋಡಿದವರಿಗೇ ಗೊತ್ತು.

ಆಗ ಬಂತು ತಡಿ ಬರಿದಾದ ಒಂದು ಕುದುರೆ. "ಇದು ಟರ್ವಿದು," ಅಂದಳು. ಕ್ಲೈಡ್ ಟರ್ವಿ ಪಕ್ಕದ ದನದ ಕೊಟ್ಟಿಗೆಯ ಆಳು. ಹೊಲದ ಕಲ್ಲು ಎಳೆದು ಹಾಕುವ ಚಪ್ಪಟೆ ಹಲಗೆಯನ್ನು ಕುದುರೆಗೆ ಕಟ್ಟಿ ಅವಳು ಹೊಗೆಯೊಳಗೆ ಹೊರಟುಹೋದಳು. ನಾನು ದೇವರನ್ನು ಕೂಗುತ್ತಾ ಒದ್ದೆ ಚೀಲದಿಂದ ಕಿಡಿ ಬಡಿದು ಆರಿಸುತ್ತಿದ್ದೆ. ಹಿಂದಿರುಗುವಾಗ ಹಲಗೆಯ ಮೇಲೆ ಕಲ್ಲಿನ ಬದಲು ಕ್ಲೈಡ್ ಬಿದ್ದಿದ್ದ. ಕಾಲು ಮೊಣಕಾಲಿನ ಕೆಳಗೆ ಮುರಿದಿತ್ತು, ಅಮ್ಮಾ ಅಮ್ಮಾ ಅಂತ ಚೀರುತ್ತಿದ್ದ. ಅದಕ್ಕೆ ನಾನವನನ್ನು ಹಳಿಯುವುದಿಲ್ಲ, ಮೂಳೆ ಮುರಿದರೆ ಯಾರಾದರೂ ಚೀರುತ್ತಾರೆ. ನಾವಿಬ್ಬರೂ ಅವನನ್ನು ಒರತೆಯ ನೀರಿನಲ್ಲಿ ಕುತ್ತಿಗೆಮಟ್ಟ ಮಲಗಿಸಿದೆವು. ಬೆಂಕಿ ಎರಡು ಕಡೆಯಿಂದಲೂ ಹಾದುಹೋಯಿತು. ರಾಗ್ನಾ ಹುಬ್ಬು ಸುಟ್ಟುಕೊಂಡಳು. ಕ್ಲೈಡನ ಕಾಲು ಎಳೆದು ಕೂಡಿಸಿ ದಬ್ಬೆ ಕಟ್ಟಿದವಳೂ ಅವಳೇ. ಐದು ವಾರ ಅವನು ಅವಳ ಮನೆಯಲ್ಲಿ ಮಲಗಿದ್ದ. ಊರ ಬಾಯಿ ಮುಚ್ಚಿಸಬೇಕಲ್ಲ, ಅದಕ್ಕೆ ರಜೆ ಹಾಕಿ ನಾನೂ ಅಲ್ಲೇ ಉಳಿದೆ.

ಮರುವರ್ಷ ಬೇಸಿಗೆಯಲ್ಲಿ ಆಲ್ಡನ್ ಫರ್ನಾಲ್ಡ್ ಅನ್ನುವ ಸಾಹಿತಿ ಬಂದಿಳಿದರು. ಸ್ಟೋಕ್ಲಿಯ ಹೋಟೆಲಿನಲ್ಲಿ ಕೋಣೆ, ಬಾಡಿಗೆ ಕುದುರೆ, ಚರ್ಮದ ಹೊದಿಕೆಯ ನೋಟುಬುಕ್ಕು. ಗಡಿನಾಡಿನ ಹೆಣ್ಣಿನ ನಿಜವಾದ ಬದುಕನ್ನು ಬರೆಯಬೇಕೆಂದು ಬಂದಿದ್ದೇನೆ ಅಂದರು. ನಿಜವಾದ ಅನ್ನುವ ಮಾತನ್ನು ಅವರು ಒತ್ತಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರನ್ನು ರಾಗ್ನಾಳ ಮನೆಗೆ ಕರೆದುಕೊಂಡು ಹೋದ ಪಾಪ ನನ್ನದೇ.

ಹನ್ನೊಂದು ದಿನ ಬಂದರು. ಅವಳು ಆಲೂಗೆಡ್ಡೆ ರೊಟ್ಟಿ ಬೇಯಿಸಿ ಹುಳಿಕೆನೆ ಸವರಿ ಕೊಟ್ಟದ್ದನ್ನು ಚೆನ್ನಾಗಿ ತಿಂದರು. ಅವಳು ಕಳೆ ಕೀಳುತ್ತಿದ್ದರೆ ಇವರು ಸಾಲಿನ ಪಕ್ಕ ನಡೆಯುತ್ತಾ ಕೇಳುವರು:

"ತುಂಬಾ ಒಂಟಿತನ ಅನ್ನಿಸುತ್ತಲ್ವಾ, ಮಿಸ್ ಹೌಗೆನ್?"

"ಹೋಟೆಲಿನ ಒಗೆಯೋ ಕೋಣೇಲಿ ಅನ್ನಿಸ್ತಿತ್ತು. ಇಲ್ಲಿಲ್ಲ."

"ಹೆದರಿಕೆ?"

"ಬೆಂಕಿ ಕಂಡ್ರೆ ಹೆದರಿಕೆ. ನಿಮಗಿಲ್ವಾ?"

"ಅಲ್ಲ, ಸಂಜೆ ಹೊತ್ತು, ಕೆಲಸ ಎಲ್ಲಾ ಮುಗಿದ ಮೇಲೆ, ಒಬ್ಬ ಜೊತೆಗಾರ ಇದ್ದಿದ್ರೆ ಅಂತ..."

"ಕೆಲಸ ಯಾವಾಗ ಮುಗಿಯುತ್ತೆ ಸ್ವಾಮಿ? ನಿಮ್ಮ ಕಾಲ ಕೆಳಗೆ ಕಳೆ ಇದೆ, ಸ್ವಲ್ಪ ಸರೀರಿ."

ಅವರು ಸರಿದು ನಿಂತು, ದಿಗಂತ ನೋಡಿ, ಏನನ್ನೋ ಬರೆದುಕೊಳ್ಳುತ್ತಿದ್ದರು. ಅವಳು ಹೇಳಿದ್ದನ್ನಂತೂ ಬರೆದುಕೊಳ್ಳಲಿಲ್ಲ ಅನ್ನುವುದು ಮರುವರ್ಷ ಅಕ್ಟೋಬರ್‌ನಲ್ಲಿ ಪುಸ್ತಕ ಬಂದಾಗ ಗೊತ್ತಾಯಿತು.

ಅದರಲ್ಲಿ ರಾಗ್ನಾಗೆ ಲಿಲಿ ಅಂತ ಹೆಸರು. ಒರತೆ ಅದೇ, ಗುಡ್ಡ ಅದೇ, ಹಸುವಿನ ಹಣೆಯ ಬಿಳಿ ಮಚ್ಚೆಯೂ ಅದೇ. ಲಿಲಿ ಮಾತ್ರ ಜಿಂಕೆಕಣ್ಣಿನ ಅನಾಥೆ. ತಂದೆಯ ಕೊನೆಯ ಆಸೆ ತೀರಿಸಲು ಜಮೀನು ಹಿಡಿದವಳು. ನೇಗಿಲು ಹಿಡಿದರೆ ನೇಗಿಲು ಕೆಡೆದು ಬೀಳುತ್ತದೆ, ಇವಳು ಅಳುತ್ತಾಳೆ. ಕ್ಲೈಡ್ ಆರಡಿ ಎತ್ತರದ ಕೌಬಾಯ್ ಆಗಿದ್ದಾನೆ. ನಮ್ಮ ಬಾಯಲ್ಲಿ ದನ ಕಾಯುವವನು. ಬೆಂಕಿ ಬರುತ್ತದೆ, ಲಿಲಿ ಮೂರ್ಛೆ ಹೋಗುತ್ತಾಳೆ, ಕೌಬಾಯ್ ಅವಳನ್ನು ತಡಿಯ ಮೇಲೆ ಎತ್ತಿಕೊಂಡು ಜ್ವಾಲೆ ಹಾರಿಸುತ್ತಾನೆ. ಕೊನೆಯ ಪುಟದಲ್ಲಿ ಅವಳು ಅವನ ಎದೆಗೊರಗಿ, ಈ ಭೂಮಿಯ ಭಾರ ನನ್ನಿಂದ ಹೊರಲಾಗದು, ಇದು ನಿನ್ನದು, ನಾನೂ ನಿನ್ನವಳು ಅನ್ನುತ್ತಾಳೆ.

ನಾನು ಪುಸ್ತಕವನ್ನು ಕೌಂಟರಿಗೆ ಕುಕ್ಕಿದ ಸದ್ದಿಗೆ ಅಂಚೆಚೀಟಿ ಕೊಳ್ಳಲು ಬಂದವರು ಬೆಚ್ಚಿಬಿದ್ದರು.

ರಾಗ್ನಾ ಓದಿ ನಕ್ಕಳು. "ಈ ಹುಡುಗಿ ಇಡೀ ಪುಸ್ತಕದಲ್ಲಿ ಒಂದ್ಸಲಾನೂ ಹಸು ಕರೆದಿಲ್ಲ ಕಣೇ. ಆ ಬಡಪಾಯಿ ಹಸು ಕೆಚ್ಚಲು ಒಡೆದೇ ಸತ್ತಿರ್ಬೇಕು."

"ನಗ್ತೀಯಲ್ಲೇ! ನಿನ್ನ ಕೈಯಿಂದ ಎಲ್ಲಾ ಕಿತ್ತು ಆ ಟರ್ವಿ ಕೈಗೆ ಕೊಟ್ಟಿದಾನೆ."

"ಕಾಗದದ ಮೇಲೆ ಕೊಟ್ಟಿದಾನೆ. ನೇಗಿಲು ಇನ್ನೂ ನನ್ನ ಹತ್ರಾನೇ ಇದೆಯಲ್ಲ, ಬಿಡು."

ನಾನು ಬಿಡಲಿಲ್ಲ. ಫರ್ನಾಲ್ಡರಿಗೆ ನಾಲ್ಕು ಪುಟದ ಕಾಗದ ಬರೆದೆ. ಎಂಟು ವಾರಕ್ಕೆ ಉತ್ತರ ಬಂತು. ಬಹಳ ವಿನಯದ ಕಾಗದ. ನಿಮ್ಮ ಗೆಳತಿಯ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಗಂಡಸನ್ನು ಕಲ್ಲುಹಲಗೆಯ ಮೇಲೆ ಎಳೆದು ತರುವ ಹೆಂಗಸನ್ನು ಓದುಗರು ನಂಬುವುದೂ ಇಲ್ಲ, ಪ್ರೀತಿಸುವುದೂ ಇಲ್ಲ. ಆಕೆಯ ಬದುಕು ಮೆಚ್ಚತಕ್ಕದ್ದು, ಆದರೆ ಅದು ಕಥೆಯಲ್ಲ. ಹೀಗಿತ್ತು. ನನ್ನ ಕಣ್ಣಿಂದ ನೋಡಿದ್ದು ನಂಬಲಾಗದ್ದಂತೆ, ಆತ ನೋಡದೆ ಬರೆದದ್ದು ನಂಬತಕ್ಕದ್ದಂತೆ! ಕಾಗದವನ್ನು ಒಲೆಗೆ ಹಾಕಿದೆ.

ಊರಿಗೆ ಮಾತ್ರ ಹಬ್ಬ. ಸ್ಟೋಕ್ಲಿ ತನ್ನ ಹೋಟೆಲಿನ ಮುಂದೆ "ಲಿಲಿಯ ನಾಡಿಗೆ ಸ್ವಾಗತ" ಅಂತ ಬೋರ್ಡು ತೂಗುಹಾಕಿದ. ರೈಲು ನೀರು ತುಂಬಿಸಿಕೊಳ್ಳಲು ನಿಂತಾಗ ಪೂರ್ವದ ಹೆಂಗಸರು ಇಳಿದು ಬಂದು ಕ್ಲೈಡನ ಕೈ ಕುಲುಕಲು ಶುರುಮಾಡಿದರು. ಕ್ಲೈಡ್ ಬಿಳಿ ಟೋಪಿ ಕೊಂಡ. ಮೊದಮೊದಲು ನಾಚಿ ತಲೆ ಕೆರೆದುಕೊಳ್ಳುತ್ತಿದ್ದವನು ಆರು ತಿಂಗಳಲ್ಲಿ ಬೆಂಕಿ ಹಾರಿದ ಕಥೆಯನ್ನು ಪುಸ್ತಕಕ್ಕಿಂತ ಚೆನ್ನಾಗಿ ಹೇಳತೊಡಗಿದ. ಲಿಲಿ ಎಲ್ಲಿ, ಮದುವೆ ಯಾವಾಗ ಅಂತ ಯಾರಾದರೂ ಕೇಳಿದರೆ, ಟೋಪಿ ಓರೆ ಮಾಡಿ, "ಹಕ್ಕುಪತ್ರ ಒಂದು ಬರ್ಲಿ ಅಂತ ಕಾಯ್ತಿದೀವಮ್ಮಾ," ಅನ್ನುತ್ತಿದ್ದ. ಪ್ಲಾಟ್‌ಫಾರಂ ತುಂಬ ಚಪ್ಪಾಳೆ.

ಆ ಮಾತನ್ನು ಚಪ್ಪಾಳೆ ತಟ್ಟದೆ ಕೇಳಿಸಿಕೊಂಡವನು ಒಬ್ಬನಿದ್ದ. ಆರಿನ್ ಗ್ಯಾಡ್, ಸ್ಟೋಕ್ಲಿಯ ಹೆಂಡತಿಯ ಅಣ್ಣ. ರಾಗ್ನಾಳ ಒರತೆಯ ಕೆಳಗೇ ಅವನ ದನ ಮೇಯುತ್ತಿದ್ದವು.

ಆ ಹೆಂಡತಿಯ ಹೆಸರು ಅಡಲೀನ್. ಹದಿನೆಂಟು ಹಾಸಿಗೆಯ ಹೋಟೆಲಿನ ಅಡುಗೆ, ಒಗೆತ, ಗುಡಿಸುವುದು ಎಲ್ಲಾ ಅವಳದೇ. ಬೋರ್ಡಿನಲ್ಲಿ ಗಂಡನ ಹೆಸರು. ಊರಿನಲ್ಲಿ ಅವಳ ದನಿ ಕೇಳಿದವರು ಕಡಿಮೆ. ಒಂದು ದಿನ ಬೆಳಿಗ್ಗೆ ಅಂಚೆ ಒಯ್ಯಲು ಬಂದವಳು ಕಾಗದ ತೆಗೆದುಕೊಂಡ ಮೇಲೂ ಕೌಂಟರಿನ ಮುಂದೆಯೇ ನಿಂತಳು.

"ಹೆಸ್ಟರ್, ಒಂದು ಕೇಳ್ಲಾ? ಅವಳು ನಿಜವಾಗ್ಲೂ ಮೂರ್ಛೆ ಹೋದ್ಲಾ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಹಲಗೆ, ಕಾಲು, ಸುಟ್ಟ ಹುಬ್ಬು ಎಲ್ಲಾ. ಅಡಲೀನಳ ಮುಖ ಬಾಡಿತು. "ನಾನು ಮೂರು ಸಲ ಓದಿದೆ," ಅಂದಳು. "ಓದಿದಾಗೆಲ್ಲಾ ಅತ್ತೆ. ಹದಿನೆಂಟು ಹಾಸಿಗೆ ಒಗೆಯೋಳಿಗೆ ಯಾರಾದ್ರೂ ಎತ್ಕೊಂಡು ಹೋದ್ರೆ ಸಾಕಪ್ಪಾ ಅನ್ಸುತ್ತೆ." ಬಾಗಿಲ ತನಕ ಹೋಗಿ ತಿರುಗಿ, "ಎಳ್ಕೊಂಡು ಬಂದ್ಲಾ? ಒಬ್ಬಳೇ?" ಅಂತ ಮತ್ತೆ ಕೇಳಿದಳು. ಹೌದು ಅಂದೆ. ತಲೆಯಾಡಿಸಿ ಹೋದಳು.

1911ರ ವಸಂತದಲ್ಲಿ ರಾಗ್ನಾ ಕೊನೆಯ ಅರ್ಜಿ ಹಾಕಿದಳು. ಅಷ್ಟು ಹೊತ್ತಿಗೆ ಎಪ್ಪತ್ತು ಎಕರೆ ಉಳುಮೆಯಲ್ಲಿತ್ತು, ಹಲಗೆಯ ಕೊಟ್ಟಿಗೆ ಎದ್ದಿತ್ತು. ಕಾನೂನಿನಂತೆ ಪತ್ರಿಕೆಯಲ್ಲಿ ಪ್ರಕಟಣೆ ಬಂದ ಒಂಬತ್ತನೇ ದಿನ ತಕರಾರು ಬಿತ್ತು. ಹಾಕಿದವನು ಗ್ಯಾಡ್. ಅವನ ವಾದ ಇದು: ರಾಗ್ನಾ ಹೌಗೆನ್ ಬರೀ ಬೇನಾಮಿ. ತನ್ನ ಪಾಲಿನ ಸರ್ಕಾರಿ ಜಮೀನನ್ನು ಹಿಂದೆಯೇ ಬೇರೆ ಕಡೆ ತೆಗೆದು ಮಾರಿಕೊಂಡಿರುವ ಕ್ಲೈಡ್ ಟರ್ವಿಯೇ ಅವಳ ಹೆಸರಿನಲ್ಲಿ ಇದನ್ನು ಹಿಡಿದಿದ್ದಾನೆ. ಉತ್ತವನೂ ಬಿತ್ತಿದವನೂ ಅವನೇ. ಹಕ್ಕುಪತ್ರ ಬಂದ ಕೂಡಲೇ ಮದುವೆಯಾಗಿ ಜಮೀನು ಅವನ ಕೈ ಸೇರಲಿದೆ. ಇದು ಊರಿಗೆಲ್ಲ ಗೊತ್ತಿರುವ ಮಾತು, ಅಚ್ಚಾಗಿಯೂ ಇದೆ. ತಕರಾರು ಗೆದ್ದರೆ ಆ ಜಮೀನಿಗೆ ಅರ್ಜಿ ಹಾಕುವ ಮೊದಲ ಹಕ್ಕು ಗ್ಯಾಡನದು. ಒರತೆಯೂ ಅವನದು.

ನೋಟೀಸು ಓದುವಾಗ ರಾಗ್ನಾ ನಗಲಿಲ್ಲ. ಅವಳ ಕುತ್ತಿಗೆ ಕೆಂಪಾಯಿತು. "ಆರು ವರ್ಷ," ಅಂದಳು. "ಆರು ವರ್ಷದಲ್ಲಿ ಒಬ್ಬನಾದ್ರೂ ನನ್ನ ಹೊಲ ನೋಡೋಕೆ ಬಂದಿದಾನಾ? ಪುಸ್ತಕ ನೋಡ್ಬಿಟ್ರಂತೆ, ಸಾಕಂತೆ."

ನಾನು ನೇರ ಕ್ಲೈಡನ ಹತ್ತಿರ ಹೋದೆ. ಹೋಟೆಲಿನ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಅದೇ ಕಾಲು.

"ಕ್ಲೈಡ್, ವಿಚಾರಣೆಗೆ ಬಂದು ನಿಜ ಹೇಳ್ಬೇಕು ನೀನು."

"ಯಾವ ನಿಜ ಮಿಸೆಸ್ ಬ್ರಾಂಡ್? ನಾನೇನು ಅವಳ ಜಮೀನು ನಂದು ಅಂತ ಹೇಳಿದೀನಾ?"

"ಪ್ಲಾಟ್‌ಫಾರಂ ಮೇಲೆ ದಿನಾ ಹೇಳ್ತಿದೀಯ!"

"ಅದು ತಮಾಷೆಗೆ. ಜನ ಖುಷಿಪಡ್ತಾರೆ. ಯಾರಿಗೇನು ನಷ್ಟ?" ಅವನು ದನಿ ತಗ್ಗಿಸಿದ. "ನೋಡಿ, ಒಂದು ಕುದುರೆ ಸರ್ಕಸ್ಸಿನೋರು ನನ್ನ ಕರೀತಿದಾರೆ. ದಿನಾ ಎರಡು ಆಟ, ಬೆಂಕಿ ಹಾರೋ ದೃಶ್ಯ. ಈಗ ಹೋಗಿ ನಾನು ಹಲಗೆ ಮೇಲೆ ಅಳ್ತಾ ಬಂದೆ ಅಂದ್ರೆ ಯಾರು ಕರೀತಾರೆ ಹೇಳಿ?"

"ಅವಳು ಬರದೇ ಇದ್ದಿದ್ರೆ ನಿನ್ನ ಕರೆಯೋಕೆ ನೀನೇ ಇರ್ತಿರ್ಲಿಲ್ಲ ಕಣೋ, ನಾಚಿಕೆಗೇಡಿ."

ಅವನು ಟೋಪಿ ಮುಖದ ಮೇಲೆ ಎಳೆದುಕೊಂಡ. ಜಗುಲಿಯ ಬಾಗಿಲಲ್ಲಿ ಅಡಲೀನ್ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು.

ವಿಚಾರಣೆ ಜೂನ್‌ನಲ್ಲಿ, ಶಾಲೆಯ ಕೋಣೆಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ಸಾಕ್ಷಿ ಬರೆದುಕೊಳ್ಳಲು ಬಂದ ಕಮಿಷನರ್ ಲಂಡಿ ಅನ್ನುವ ವಯಸ್ಸಾದ ಮನುಷ್ಯ, ನಿಧಾನಿ. ಗ್ಯಾಡನ ಕಡೆ ಪಟ್ಟಣದಿಂದ ಬಂದ ವಕೀಲ. ರಾಗ್ನಾಳ ಕಡೆ ರಾಗ್ನಾ. ಬೆಂಚು ಸಾಲದೆ ಜನ ಕಿಟಕಿಗೆ ಜೋತುಬಿದ್ದಿದ್ದರು.

ವಕೀಲ ಪುಸ್ತಕ ತೆಗೆದು ಕೊನೆಯ ಪುಟ ಓದಿದ. ದನಿ ನಡುಗಿಸಿ ಓದಿದ. ಇದು ಸಾಕ್ಷಿಯಾಗುವುದಿಲ್ಲ ಅಂದರು ಲಂಡಿ. ಸಾಕ್ಷಿಯಲ್ಲ ಸ್ವಾಮಿ, ಊರವರ ತಿಳುವಳಿಕೆ ಏನೆಂದು ತೋರಿಸಲಷ್ಟೇ ಅಂದ ವಕೀಲ. ಆಮೇಲೆ ನಾಲ್ಕು ಜನ ಗಂಡಸರು ಸಾಲಾಗಿ ಬಂದು, ಕ್ಲೈಡ್ ಉಳುತ್ತಿದ್ದದ್ದನ್ನು ತಾವು ಕಂಡಂತೆ ಪ್ರಮಾಣ ಮಾಡಿ ಹೇಳಿದರು. ಅವರಲ್ಲಿ ಇಬ್ಬರು ಬೇಕೆಂದೇ ಸುಳ್ಳು ಹೇಳಿದರು. ಇನ್ನಿಬ್ಬರು, ದೇವರಾಣೆಗೂ, ನಿಜವಾಗಿ ಕಂಡಿದ್ದೇವೆ ಅಂತಲೇ ನಂಬಿದ್ದರು. ನನಗೆ ಹೆಚ್ಚು ಸಿಟ್ಟು ಬಂದದ್ದು ಆ ಇಬ್ಬರ ಮೇಲೆ.

"ಒಬ್ಬಳು ಹೆಂಗಸು," ಅಂದ ವಕೀಲ ಸಭೆಯತ್ತ ತಿರುಗಿ, "ಎಪ್ಪತ್ತು ಎಕರೆ ಒಡೆದಳು ಅಂದ್ರೆ ತಾವು ನಂಬ್ತೀರಾ?"

"ಇಲ್ಲೇ ಕೂತಿದೀನಲ್ಲ, ನನ್ನ ಕೇಳ್ರಿ," ಅಂದಳು ರಾಗ್ನಾ. ಲಂಡಿ ಮೇಜು ತಟ್ಟಿ, "ನಿಮ್ಮ ಸರದಿ ಬರುತ್ತಮ್ಮಾ," ಅಂದರು.

ನಾನು ಸಾಕ್ಷಿ ಹೇಳಿದೆ. ಈಕೆ ಆಪ್ತ ಗೆಳತಿಯಲ್ಲವೇ ಅಂತ ವಕೀಲ ಕೇಳಿದ. ಹೌದು ಅಂದೆ. ಅಷ್ಟು ಸಾಕು ಅಂದು ಕೂರಿಸಿದ. ಅವಳನ್ನು ಬಲ್ಲವಳಾದ್ದರಿಂದ ನನ್ನ ಮಾತಿಗೆ ಬೆಲೆಯಿಲ್ಲ. ಅರಿಯದವರ ಮಾತಿಗೆಲ್ಲ ಬೆಲೆ!

ರಾಗ್ನಾ ಎದ್ದು ಕ್ಲೈಡನನ್ನು ಕರೆದಳು. ಬಿಳಿ ಟೋಪಿ ಕೈಯಲ್ಲಿ ತಿರುಗಿಸುತ್ತಾ ಅವನು ಕೂತ.

"ಕ್ಲೈಡ್, ನನ್ನ ಕುದುರೆಗಳ ಹೆಸರೇನು?"

"ಒಂದು... ಬೆಸ್ ಅಲ್ವಾ?"

"ಹೋದ ವರ್ಷ ಓಟ್ಸ್ ಎಲ್ಲಿ ಬಿತ್ತಿದ್ದೆ?"

"ಒರತೆ ಪಕ್ಕ ಇರ್ಬೇಕು."

"ಒರತೆ ಪಕ್ಕ ಬರೀ ಬಂಡೆ, ಕಮಿಷನರ್ ಸಾಹೇಬ್ರೇ. ಬೇಕಾದ್ರೆ ಬಂದು ನೋಡಿ. ಕುದುರೆ ಹೆಸರು ಸಿಗ್ನೆ, ಮಾರಿತ್." ಅವಳು ಒಂದು ಹೆಜ್ಜೆ ಹತ್ತಿರ ಹೋದಳು. "ನಾನು ನಿನ್ನ ಮದುವೆ ಆಗ್ತೀನಿ ಅಂತ ಯಾವತ್ತಾದ್ರೂ ಹೇಳಿದೀನಾ?"

"ಬಾಯಿಬಿಟ್ಟು... ಹಾಗಂತ ಇಲ್ಲ."

"ಬಾಯಿ ಬಿಡದೆ ಹೇಳಿದೀನಾ?"

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಕ್ಲೈಡ್ ಕೆಂಪಾದ.

"ಬೆಂಕಿ ಬಿದ್ದ ದಿನ ಯಾರು ಯಾರನ್ನ ಎತ್ಕೊಂಡು ಬಂದ್ರು?"

ಕ್ಲೈಡ್ ಸ್ಟೋಕ್ಲಿಯ ಕಡೆ ನೋಡಿದ. ಆಮೇಲೆ ತನ್ನ ಬೂಟು ನೋಡಿಕೊಂಡು, "ಹೊಗೆ ಜಾಸ್ತಿ ಇತ್ತು. ನನಗೆ ಸರಿಯಾಗಿ ನೆನಪಿಲ್ಲ," ಅಂದ.

"ನನಗಿದೆ," ಅಂದು ರಾಗ್ನಾ ತನ್ನ ಜಾಗಕ್ಕೆ ಹೋಗಿ ಕೂತಳು. ಆ ಕ್ಷಣ ಆ ಇಕ್ಕಳ ನನ್ನ ಕೈಗೆ ಸಿಕ್ಕಿದ್ದರೆ ಅವನ ಬಾಯಲ್ಲಿ ಒಂದು ಹಲ್ಲು ಉಳಿಸುತ್ತಿರಲಿಲ್ಲ.

ಲಂಡಿ ಕಾಗದ ಜೋಡಿಸಿಕೊಳ್ಳುತ್ತಿದ್ದರು. ಆಗ ಕೋಣೆಯ ಹಿಂದುಗಡೆ ಬೆಂಚು ಸರಿದ ಸದ್ದಾಯಿತು. ಅಡಲೀನ್ ಎದ್ದು ನಿಂತಿದ್ದಳು. ಏಪ್ರನ್ ಬಿಚ್ಚುವುದನ್ನೂ ಮರೆತು ಬಂದಿದ್ದಳು.

"ನಾನೊಂದು ಮಾತು ಹೇಳ್ಬೇಕು," ಅಂದಳು.

"ಕೂತ್ಕೊಳ್ಳೇ," ಅಂದ ಸ್ಟೋಕ್ಲಿ.

"ಆಕೆ ಪ್ರಮಾಣ ಮಾಡಿ ಹೇಳೋದಾದ್ರೆ ಹೇಳಬಹುದು," ಅಂದರು ಲಂಡಿ. ಅಡಲೀನ್ ಮುಂದೆ ಬಂದು ಬೈಬಲ್ಲಿನ ಮೇಲೆ ಕೈಯಿಟ್ಟಳು. ಆ ಕೈ ಒಗೆತಕ್ಕೆ ಬಿರಿದು ಕೆಂಪಾಗಿತ್ತು.

"ಮಾರ್ಚ್ ತಿಂಗಳಲ್ಲಿ ನನ್ನಣ್ಣ ಆರಿನ್, ನನ್ನ ಗಂಡ, ಇಬ್ಬರೂ ನನ್ನ ಅಡುಗೆಮನೆ ಮೇಜಿಗೆ ಕೂತಿದ್ರು. ನಾನು ಬಡಿಸ್ತಿದ್ದೆ. 'ಅರ್ಧ ಕೆಲಸ ಪುಸ್ತಕಾನೇ ಮಾಡಿಕೊಟ್ಟಿದೆ, ಇನ್ನರ್ಧ ಆ ಟರ್ವಿ ಬಡಾಯಿ ಮಾಡ್ತಿದೆ, ನಾವು ಅರ್ಜಿ ಹಾಕಿದ್ರೆ ಆಯ್ತು' ಅಂದ ಆರಿನ್. 'ಅವಳು ನಿಜವಾಗ್ಲೂ ಒಬ್ಬಳೇ ಉತ್ತಿದಾಳಲ್ಲೋ' ಅಂದ್ರು ಇವ್ರು. 'ಅದು ನಿನಗೆ ಗೊತ್ತು ನನಗೆ ಗೊತ್ತು, ಯಾರು ನಂಬ್ತಾರೆ' ಅಂದ. ಇಬ್ಬರೂ ನಕ್ಕರು. ನಾನು ಅಲ್ಲೇ ಇದ್ದೆ. ನಾನಿದ್ದದ್ದು ಅವರಿಗೆ ಲೆಕ್ಕಕ್ಕೇ ಬರ್ಲಿಲ್ಲ."

"ಸುಳ್ಳಿ!" ಗ್ಯಾಡ್ ಎದ್ದು ನಿಂತ. "ನಿನ್ನ ಒಡಹುಟ್ಟಿದೋನ ಮೇಲೇ..."

"ಒಡಹುಟ್ಟಿದೋನು ಅಂತಾನೇ ಮೂರು ತಿಂಗಳು ಸುಮ್ನಿದ್ದೆ," ಅಂದಳು ಅಡಲೀನ್. "ಇನ್ನೊಂದು ವಿಷ್ಯ ಬರ್ಕೊಳ್ಳಿ ಸಾಹೇಬ್ರೇ. ಬೆಂಕಿ ಆದ ವರ್ಷ ಕ್ಲೈಡ್ ಮೊದಲ್ನೇ ಸಲ ಊರುಗೋಲು ಹಿಡಿದು ಹೋಟೆಲಿಗೆ ಬಂದಾಗ, ರಾಗ್ನಾ ಹೌಗೆನ್ ನನ್ನ ಎಳೆದು ತಂದು ಉಳಿಸಿದಳು ಅಂತ ಅತ್ತುಕೊಂಡು ಹೇಳಿದ್ದ. ನಾನು ಸೂಪು ಕೊಡ್ತಿದ್ದೆ. ಅವನಿಗೂ ನಾನು ಲೆಕ್ಕಕ್ಕಿರ್ಲಿಲ್ಲ. ಪುಸ್ತಕ ಬಂದ ಮೇಲೆ ನನ್ನ ಕಿವೀನೇ ನಾನು ನಂಬ್ಲಿಲ್ಲ."

ವಕೀಲ ಪ್ರಶ್ನೆ ಕೇಳಲು ಎದ್ದವನು, ಸ್ಟೋಕ್ಲಿಯ ಮುಖ ನೋಡಿ ಕೂತುಬಿಟ್ಟ. ಸ್ಟೋಕ್ಲಿ ಹೆಂಡತಿಯನ್ನು ಸುಳ್ಳಿ ಅನ್ನಲಿಲ್ಲ. "ಮನೆಗೆ ಬಾ, ಹೇಳ್ತೀನಿ," ಅಂದ ಅಷ್ಟೇ. ಕಮಿಷನರು ಅದನ್ನೂ ಬರೆದುಕೊಂಡರು.

ಅವಳು ಆ ಮನೆಗೆ ಹೋಗಲಿಲ್ಲ. ಶಾಲೆಯಿಂದ ಹೊರಗೆ ಬಂದಾಗ ಹಿತ್ತಲಿನ ಬೇಲಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಅವಳನ್ನು ಮಾತನಾಡಿಸುವ ಧೈರ್ಯ ಊರಿಗಿರಲಿಲ್ಲ. ರಾಗ್ನಾ ಗಾಡಿಯನ್ನು ಅವಳ ಮುಂದೆ ನಿಲ್ಲಿಸಿದಳು. ಅದುವರೆಗೆ ಇಬ್ಬರೂ ಒಬ್ಬರೊಡನೊಬ್ಬರು ಹೆಚ್ಚು ಮಾತಾಡಿದವರೇ ಅಲ್ಲ.

"ನಿನ್ನ ಸಾಮಾನು ಏನಿದೆ?" ಅಂದಳು ರಾಗ್ನಾ.

"ಒಂದು ಪೆಟ್ಟಿಗೆ. ಒಂದು ಹೊಲಿಗೆ ಯಂತ್ರ, ನಮ್ಮಮ್ಮಂದು."

"ಹೆಸ್ಟರ್, ನೀನು ನನ್ನ ಜೊತೆ ಬಾ. ಇಬ್ಬರೂ ಹೋಗಿ ತರೋಣ."

ಹೋದೆವು. ಸ್ಟೋಕ್ಲಿ ಬಾಗಿಲಿಗೆ ಅಡ್ಡ ನಿಂತಿದ್ದ. ರಾಗ್ನಾ ಅವನನ್ನು ಬೈಯಲಿಲ್ಲ, ಬೇಡಲಿಲ್ಲ. ಹೊಲದಲ್ಲಿ ಕಲ್ಲೊಂದು ಎದುರಾದರೆ ನೋಡುವ ಹಾಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಪಕ್ಕಕ್ಕೆ ಸರಿದ. ಹೊಲಿಗೆ ಯಂತ್ರವನ್ನು ಇಬ್ಬರೂ ಹೊತ್ತು ತಂದೆವು.

ತೀರ್ಪು ನವೆಂಬರ್‌ನಲ್ಲಿ ಅಂಚೆಯಲ್ಲಿ ಬಂತು. ತಕರಾರು ವಜಾ. ಮರುವರ್ಷ ಹಕ್ಕುಪತ್ರವೂ ಬಂತು, ರಾಗ್ನಾ ಹೌಗೆನ್ ಮತ್ತು ಆಕೆಯ ವಾರಸುದಾರರಿಗೆ ಅಂತ. ನಾನೇ ಏಳು ಮೈಲಿ ಹೋಗಿ ಕೊಟ್ಟು ಬಂದೆ. ಅವಳು ಕೈ ತೊಳೆದುಕೊಂಡು ಬಂದು ತೆಗೆದುಕೊಂಡಳು, ಎರಡು ಸಲ ಓದಿದಳು. ಆಮೇಲೆ ಹೊಲದ ಕಡೆ ಮುಖ ತಿರುಗಿಸಿ ತುಂಬ ಹೊತ್ತು ನಿಂತಿದ್ದಳು. ನಾನು ಒಳಗೆ ಹೋಗಿ ಕಾಫಿ ಇಟ್ಟೆ.

ಜಿಲ್ಲೆಯ ಪತ್ರಿಕೆ ಅದನ್ನು ಹೇಗೆ ಬರೆಯಿತು ಗೊತ್ತೇ? "ನಮ್ಮ ಪ್ರೀತಿಯ ಲಿಲಿಗೆ ಕೊನೆಗೂ ಮನೆ" ಅಂತ. ಅವಳ ಹೆಸರು ಮೂರನೆಯ ಸಾಲಿನಲ್ಲಿ, ಅದೂ ತಪ್ಪಾಗಿ. ಧೀರ ಟರ್ವಿಯ ಫೋಟೋ ಮಾತ್ರ ದೊಡ್ಡದಾಗಿ. ಕ್ಲೈಡ್ ಅಷ್ಟರಲ್ಲಿ ಸರ್ಕಸ್ಸಿಗೆ ಹೋಗಿಯಾಗಿತ್ತು. ಒಮ್ಮೆ ಅಲ್ಲಿಂದ ರಾಗ್ನಾಗೆ ಒಂದು ಕಾರ್ಡು ಬಂದಿತ್ತು, ಕ್ಷಮಿಸು ಅಂತ ಒಂದೇ ಮಾತು. "ಇದನ್ನ ಶಾಲೆ ಕೋಣೇಲಿ ಹೇಳೋದಕ್ಕೆ ಏನಾಗಿತ್ತಂತೆ," ಅಂದು ಅವಳು ಕಾರ್ಡನ್ನು ನನಗೇ ವಾಪಸು ಕೊಟ್ಟಳು. ಗ್ಯಾಡ್ ದನ ಮಾರಿ ಇಡಾಹೋ ಕಡೆ ಹೋದ.

ಅಡಲೀನ್ ಸುಮಾರು ಮೂರು ವರ್ಷ ರಾಗ್ನಾಳ ಜೊತೆ ಇದ್ದಳು. ಕುದುರೆ ಹೂಡುವುದು ಕಲಿತಳು, ಬೇಲಿ ಹಾಕುವುದು ಕಲಿತಳು, ಹೊಲಿಗೆ ಯಂತ್ರದಿಂದ ಸುತ್ತಲಿನ ಹೊಲದವರಿಗೆಲ್ಲ ಅಂಗಿ ಹೊಲಿದುಕೊಟ್ಟಳು. ನ್ಯಾಯಾಲಯದಲ್ಲಿ ವಿಚ್ಛೇದನ ಆದ ಮೇಲೆ, 1914ರ ಮಾರ್ಚ್‌ನಲ್ಲಿ, ಗುಡ್ಡದ ಉತ್ತರದ ಜಮೀನಿಗೆ ತನ್ನ ಹೆಸರಿನಲ್ಲಿ ಅರ್ಜಿ ಹಾಕಲು ಭೂಕಚೇರಿಗೆ ಹೋದಳು. ಜೊತೆಗೆ ನಾವಿಬ್ಬರೂ ಹೋಗಿದ್ದೆವು. ಗುಮಾಸ್ತ ತಲೆಯೆತ್ತದೆ, "ಯಾರ ಪರವಾಗಿ ಅರ್ಜಿ?" ಅಂದ.

"ನನ್ನ ಪರವಾಗಿ," ಅಂದಳು ಅಡಲೀನ್, ಹೊರಗೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. ಗುಮಾಸ್ತ ತಲೆಯೆತ್ತಿದ.

ಮೊದಲ ವರ್ಷವೇ ಆಲಿಕಲ್ಲು ಬಿದ್ದು ಅವಳ ಬೆಳೆಯಲ್ಲಿ ಅರ್ಧ ಹೋಯಿತು. ಉಳಿದರ್ಧವನ್ನು ಅವಳೇ ಕೊಯ್ದಳು.